ಎರಡು ಕಾಸಿನ ಲೆಕ್ಕ

ಸಿನಿಮಾ ಒಂದನ್ನು ಎಷ್ಟು ಜನ ನೋಡಿದರು ಎನ್ನುವುದರ ಮೇಲೆ ಅದು ಎಷ್ಟು ಒಳ್ಳೆಯದು ಎಂದು ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿ ಮೊದಲಿನಿಂದಲೂ ಇದೆ. ನೂರು ದಿನ ಓಡಿತು, ಇಪ್ಪತ್ತೈದು ವಾರ ಓಡಿತು ಎಂದರೆ ಮುಗಿಯಿತು, ಮತ್ತೆ ಯಾರೂ ಬಾಯಿ ತೆರೆಯುವಂತಿಲ್ಲ. ಮದುವೆ ಊಟಕ್ಕೆ ಎರಡು ಸಾವಿರ ಎಲೆ ಬಿತ್ತು ಎಂದು ಹೇಳಿಕೊಳ್ಳುವವರು ಸಾರಿಗೆ ಉಪ್ಪು ಸಾಲದೆ ಹೋದದ್ದನ್ನು ಹೇಳುವುದಿಲ್ಲವಷ್ಟೆ! ಎಲೆಯ ಲೆಕ್ಕವೇ ಬೇರೆ, ರುಚಿಯ ಲೆಕ್ಕವೇ ಬೇರೆ.

ಈ ಮಾತು ನನಗೆ ತಟ್ಟನೆ ನೆನಪಾಗುವುದು 1979ರಲ್ಲಿ ತೆರೆಗೆ ಬಂದ 'ಜೀಸಸ್' ಎಂಬ ಚಿತ್ರದ ವಿಷಯದಲ್ಲಿ. ಜಗತ್ತಿನಲ್ಲಿ ಅತಿ ಹೆಚ್ಚು ಭಾಷೆಗಳಿಗೆ ಡಬ್ ಆದ ಚಿತ್ರ ಎಂಬ ಹೆಗ್ಗಳಿಕೆ ಅದರದು. ಇಂದಿಗೆ 2,000ಕ್ಕೂ ಹೆಚ್ಚು ಭಾಷೆಗಳಲ್ಲಿ ಅದು ಮಾತಾಡುತ್ತದೆ, ಕನ್ನಡದಲ್ಲೂ ಮಾತಾಡುತ್ತದೆ. ನೂರಾರು ಕೋಟಿ ಸಲ ಜನ ಇದನ್ನು ನೋಡಿದ್ದಾರೆ, ಕೇಳಿದ್ದಾರೆ ಎಂದು ಅದನ್ನು ಹಂಚುವ ಸಂಸ್ಥೆಯೇ ಹೇಳಿಕೊಳ್ಳುತ್ತದೆ. ಇಷ್ಟೆಲ್ಲ ಕೇಳಿದ ಮೇಲೆ ನೋಡಿದ ನನಗೆ ಆದದ್ದು ನಿರಾಸೆ. ಆ ನಿರಾಸೆ ಏಕೆ ಎಂದು ಹುಡುಕುತ್ತ ಹೋದಾಗ ಸಿನಿಮಾದ ಚರಿತ್ರೆ, ಚರ್ಚಿನ ಚರಿತ್ರೆ, ನಮ್ಮ ಕಡೆಯ ಆಸ್ಪತ್ರೆಗಳ ಚರಿತ್ರೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡು ಕಂಡವು. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಕ್ರೈಸ್ತಳಲ್ಲ. ಯಾರ ನಂಬಿಕೆಯನ್ನೂ ಹೀಯಾಳಿಸುವುದು ನನ್ನ ಉದ್ದೇಶವಲ್ಲ. ನಿಜ ಹೇಳಬೇಕೆಂದರೆ, ಆ ಕಥೆಯ ಮೇಲೆ ನನಗೆ ಗೌರವ ಇರುವುದರಿಂದಲೇ ಆ ಚಿತ್ರದ ಮೇಲೆ ಬೇಸರ.

ಮೊದಲು ನಮ್ಮ ಊರುಗಳ ಮಾತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದರೆ ಉರ್ದುವೂ ಬೇಕು. ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿ ಹಾಡಿದ ನೆಲ ಇದು. ಸಿನಿಮಾ ನೋಡುವುದರಲ್ಲೂ ನಮಗೆ ಭಾಷೆಯ ಮಡಿ ಇರಲಿಲ್ಲ. ರಾಜಕುಮಾರರ ಕೃಷ್ಣದೇವರಾಯನಿಗೆ ಎಷ್ಟು ಅಳುತ್ತಿದ್ದೆವೋ ಎನ್.ಟಿ.ಆರ್. ಅವರ ಕೃಷ್ಣನಿಗೂ ಅಷ್ಟೇ ಕೈ ಮುಗಿಯುತ್ತಿದ್ದೆವು. ಗೌರಿಬಿದನೂರಿನವರಿಗಂತೂ ಹಿಂದೂಪುರ ಪಕ್ಕದ ಊರೇ.

ಹಾಗಾಗಿ ನಮ್ಮ ಕಡೆಯ ಬಹಳ ಜನ ಹೆಂಗಸರಿಗೆ ಯೇಸು ಎಂದರೆ ಕಣ್ಮುಂದೆ ಬರುತ್ತಿದ್ದ ಮುಖ ವಿಜಯಚಂದರ್ ಅವರದು. 1978ರ ಡಿಸೆಂಬರಿನಲ್ಲಿ ಬಿಡುಗಡೆಯಾದ ತೆಲುಗಿನ 'ಕರುಣಾಮಯುಡು' ಚಿತ್ರದಲ್ಲಿ ಯೇಸುವಾಗಿ ನಟಿಸಿದವರು ಅವರು. ಚಿತ್ರದ ನಿರ್ದೇಶಕ ಎ. ಭೀಮ್‌ಸಿಂಗ್, ತಮಿಳಿನಲ್ಲಿ ಕುಟುಂಬದ ಕಣ್ಣೀರಿನ ಕಥೆಗಳಿಗೆ ಹೆಸರಾದವರು. ಬಿಡುಗಡೆಗೆ ಮೊದಲೇ ತೀರಿಕೊಂಡಿದ್ದರು. ಚಿತ್ರ ಹಿಂದಿಯಲ್ಲಿ 'ದಯಾಸಾಗರ್' ಆಗಿ ಉತ್ತರದ ಹಳ್ಳಿಹಳ್ಳಿಗೂ ಹೋಯಿತು. ಅದರ ಯೇಸು ನಮ್ಮ ಪೌರಾಣಿಕ ಚಿತ್ರಗಳ ದೇವರ ಹಾಗೆಯೇ ನಿಂತು, ನಡೆದು, ಹಾಡಿನ ನಡುವೆ ಶಿಲುಬೆ ಹೊತ್ತವನು. ಅದೇ ನಟರು ಮುಂದೆ ಶಿರಡಿ ಸಾಯಿಬಾಬಾ ಆದಾಗಲೂ ಜನ ಅಷ್ಟೇ ಭಕ್ತಿಯಿಂದ ನೋಡಿದರು. ಕಥೆ ಪರದೇಶದ್ದಾದರೂ ಕಣ್ಣೀರು ನಮ್ಮದಾಗಿತ್ತು. ಅದರಲ್ಲಿ ಅತಿ ಎನ್ನಿಸುವ ಜಾಗಗಳು ಬೇಕಾದಷ್ಟಿವೆ, ಆದರೆ ಅದು ಯಾವತ್ತೂ ತನ್ನನ್ನು ಜಗತ್ತಿನ ಮಹಾಚಿತ್ರವೆಂದು ಕರೆದುಕೊಳ್ಳಲಿಲ್ಲ.

ಯೇಸುವಿನ ಸಿನಿಮಾಕ್ಕೂ ನಮ್ಮ ದೇಶಕ್ಕೂ ಇರುವ ನಂಟು ಇದಕ್ಕಿಂತ ತುಂಬ ಹಳೆಯದು. 1910ರಲ್ಲಿ ಮುಂಬಯಿಯಲ್ಲಿ ದಾದಾಸಾಹೇಬ್ ಫಾಲ್ಕೆಯವರು ಕ್ರಿಸ್ತನ ಜೀವನದ ಒಂದು ಮೂಕಿ ಚಿತ್ರ ನೋಡಿದರು. ಪರದೆಯ ಮೇಲೆ ಕ್ರಿಸ್ತ ನಡೆಯುತ್ತಿದ್ದರೆ ಅವರ ಮನಸ್ಸಿನಲ್ಲಿ ಕೃಷ್ಣನೂ ರಾಮನೂ ನಡೆಯತೊಡಗಿದರು. ಮತ್ತೆ ಹೋಗಿ ನೋಡಿದರು, ಹೆಂಡತಿ ಸರಸ್ವತಿಬಾಯಿಯನ್ನೂ ಕರೆದೊಯ್ದರು. ಅಲ್ಲಿಂದ ಹುಟ್ಟಿದ್ದು 1913ರ 'ರಾಜಾ ಹರಿಶ್ಚಂದ್ರ'. ಚರಿತ್ರೆಯ ಪುಸ್ತಕಗಳಲ್ಲಿ ಫಾಲ್ಕೆಯವರ ಹೆಸರು ದಪ್ಪಕ್ಷರದಲ್ಲಿದೆ. ಒಡವೆ ಬಿಚ್ಚಿಕೊಟ್ಟ, ಚಿತ್ರತಂಡಕ್ಕೆಲ್ಲ ಬೇಯಿಸಿ ಬಡಿಸಿದ, ರಾತ್ರಿ ಕೂತು ಫಿಲಂ ತೊಳೆಯುವ ರಾಸಾಯನಿಕಗಳ ಕೆಲಸ ಕಲಿತ ಸರಸ್ವತಿಬಾಯಿಯ ಹೆಸರು ಬಹಳ ಕಾಲ ಅಡಿಟಿಪ್ಪಣಿಯಲ್ಲೇ ಉಳಿಯಿತು. ಆ ಚಿತ್ರದ ತಾರಾಮತಿಯ ಪಾತ್ರ ಮಾಡಿದವರೂ ಹೆಂಗಸಲ್ಲ. ಹೋಟೆಲಿನಲ್ಲಿ ಅಡುಗೆ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗ. ಆಗ ಪರದೆಯ ಮೇಲೆ ಕಾಣಿಸಿಕೊಳ್ಳಲು ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಒಪ್ಪುತ್ತಿರಲಿಲ್ಲ. ದುಡಿಮೆಗೆ ಹೆಣ್ಣು, ಹೆಸರಿಗೆ ಗಂಡು. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈಗ 'ಜೀಸಸ್' ಚಿತ್ರಕ್ಕೆ ಬರೋಣ. ಇಡೀ ಬೈಬಲನ್ನು ಒಂದಕ್ಷರ ಬಿಡದೆ ಚಿತ್ರ ಮಾಡಬೇಕೆಂಬ ಹಟ ಹಿಡಿದಿದ್ದ ನಿರ್ಮಾಪಕ ಜಾನ್ ಹೇಮನ್, ಅಮೆರಿಕದ 'ಕ್ಯಾಂಪಸ್ ಕ್ರುಸೇಡ್' ಎಂಬ ಪ್ರಚಾರಸಂಸ್ಥೆಯ ಬಿಲ್ ಬ್ರೈಟ್, ಇವರಿಬ್ಬರ ಕೂಟದಿಂದ ಬಂದ ಚಿತ್ರ ಇದು. ಚಿತ್ರೀಕರಣ ಇಸ್ರೇಲಿನಲ್ಲಿ. ಯೇಸುವಾಗಿ ಇಂಗ್ಲೆಂಡಿನ ರಂಗನಟ ಬ್ರಯನ್ ಡೀಕನ್. ಮಾತುಗಳೆಲ್ಲ ಹೆಚ್ಚುಕಡಿಮೆ ಲೂಕನ ಸುವಾರ್ತೆಯಿಂದಲೇ ಎತ್ತಿದವು. ಸುಮಾರು ಎರಡು ಗಂಟೆಯ ಚಿತ್ರ. ಥಿಯೇಟರುಗಳ ಓಟ ಮುಗಿದ ಮೇಲೆ ಅದರ ನಿಜವಾದ ಸಂಚಾರ ಶುರುವಾಯಿತು. ಪ್ರೊಜೆಕ್ಟರು, ಜನರೇಟರು, ಬಿಳಿ ಪರದೆ ಹೊತ್ತ ತಂಡಗಳು ಆಫ್ರಿಕಾದಿಂದ ಫಿಲಿಪೀನ್ಸಿನವರೆಗೆ ಹಳ್ಳಿ ಬಯಲುಗಳಿಗೆ ಹೋದವು. ನಮ್ಮ ಟೂರಿಂಗ್ ಟಾಕೀಸಿನ ಹಾಗೆಯೇ ಅನ್ನಿ, ಟಿಕೆಟ್ಟು ಮಾತ್ರ ಇಲ್ಲ.

ನಾನು ಅದನ್ನು ಮೊದಲು ನೋಡಿದ್ದು ಚಿಕ್ಕಬಳ್ಳಾಪುರದ ಒಂದು ಬಯಲಿನಲ್ಲಿ, ತೊಂಬತ್ತರ ದಶಕದ ಶುರುವಿನಲ್ಲಿ. ನಮ್ಮ ಬೀದಿಯ ಏಳೆಂಟು ಮಂದಿ ಹೆಂಗಸರು ಚಾಪೆ, ಶಾಲು ಹಿಡಿದು ಹೋಗಿದ್ದೆವು. ಜೊತೆಗೆ ಪಕ್ಕದ ಮನೆಯ ನರ್ಸಮ್ಮನವರೂ ಇದ್ದರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಬೈಬಲನ್ನು ಅರಳು ಹುರಿದಂತೆ ಹೇಳಬಲ್ಲವರು. ಇಷ್ಟು ವರ್ಷಗಳ ನಂತರ ಈಚೆಗೆ ಮೊಬೈಲಿನಲ್ಲಿ ಅದೇ ಚಿತ್ರವನ್ನು ಸಾವಧಾನವಾಗಿ ನೋಡಿದೆ. ಬಯಲಿನ ಗಾಳಿ, ಜನರ ಗುಜುಗುಜು, ಅಳುವ ಮಕ್ಕಳು ಇವೆಲ್ಲ ಇಲ್ಲದೆ ನೋಡಿದಾಗಲೂ ನನ್ನ ಅಭಿಪ್ರಾಯ ಬದಲಾಗಲಿಲ್ಲ.

ಮೆಚ್ಚಬೇಕಾದದ್ದನ್ನು ಮೊದಲು ಮೆಚ್ಚೋಣ. ಬಟ್ಟೆಬರೆ, ಮನೆ, ಕಲ್ಲುದಾರಿಗಳು ಎಲ್ಲದರಲ್ಲೂ ಶ್ರದ್ಧೆ ಕಾಣುತ್ತದೆ. ಡೀಕನ್ ಅವರ ಮುಖದಲ್ಲಿ ಶಾಂತಿ ಇದೆ. ಹದಿನೆಂಟು ವರ್ಷ ಸೊಂಟ ಬಾಗಿಯೇ ಇದ್ದ ಹೆಂಗಸೊಬ್ಬಳು ನೆಟ್ಟಗೆ ನಿಲ್ಲುವ ದೃಶ್ಯ ಬಂದಾಗ ಬಯಲಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಕಳೆ ಕಿತ್ತು, ನೀರು ಹೊತ್ತು, ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಕುದಿಯುವ ನೀರಿನ ಮುಂದೆ ಬಗ್ಗಿ ಕೂತು ದಿನ ಕಳೆಯುವವರಿಗೆ ಸೊಂಟ ನೆಟ್ಟಗಾಗುವುದೆಂದರೆ ಏನು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಆದರೆ ಅಂಥ ಗಳಿಗೆಗಳಲ್ಲಿ ಚಿತ್ರ ನಿಲ್ಲುವುದೇ ಇಲ್ಲ. ಒಂದು ಪವಾಡ ಮುಗಿಯಿತೋ ಇಲ್ಲವೋ ಮುಂದಿನದಕ್ಕೆ ಹೊರಡುವ ಆತುರ. ಎಲ್ಲರೂ ಪಾಠ ಒಪ್ಪಿಸುವವರ ಹಾಗೆ ಮಾತಾಡುತ್ತಾರೆ. ಕನ್ನಡದ ಮಾತುಗಳಂತೂ ಪುಸ್ತಕದಿಂದ ನೇರ ಇಳಿದು ಬಂದವು. ಮೀನು ಹಿಡಿಯುವವನಿಗೂ ಅರಮನೆಯವನಿಗೂ ಒಂದೇ ಗ್ರಾಂಥಿಕ. ಮನೆಯಲ್ಲಿ ಅರ್ಧ ತೆಲುಗು ಬೆರೆಸಿ ಮಾತಾಡುವ ನಮ್ಮ ಕಡೆಯವರಿಗೆ ಅದು ಇನ್ನೂ ದೂರ. ಕೊನೆಗೆ ಕಥೆ ಮುಗಿದ ಮೇಲೆ ಒಬ್ಬರ ದನಿ ಬಂದು, ನೀವೂ ನಂಬಿ, ನನ್ನ ಜೊತೆ ಪ್ರಾರ್ಥಿಸಿ ಎಂದು ಕರೆಯುತ್ತದೆ. ಕರೆಯುವುದು ಅವರ ಧರ್ಮ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಷ್ಟು ಹೊತ್ತು ಹೇಳಿದ ಕಥೆಯ ಮೇಲೆ ಕಥೆ ಹೇಳಿದವರಿಗೇ ಭರವಸೆ ಇಲ್ಲವೇನೋ ಎನ್ನಿಸಿತು. ಹರಿಕಥೆ ದಾಸರು ಚಂದ್ರಮತಿಯ ದುಃಖವನ್ನು ಹಾಡಿ ಸುಮ್ಮನಾಗುತ್ತಾರೆ. ಅತ್ತವರು ಅಳುತ್ತಾರೆ, ಅಳದವರು ಮನೆಗೆ ಹೋಗಿ ಯೋಚಿಸುತ್ತಾರೆ.

ಅಂದು ವಾಪಸು ಬರುವಾಗ ನರ್ಸಮ್ಮನವರು ಸುಮ್ಮನಿದ್ದರು. ನಿಮಗೆ ಹೇಗನ್ನಿಸಿತು ಎಂದು ಕೇಳಿದೆ. "ಪುಣ್ಯದ ಕಥೆ, ಅದಕ್ಕೇನಂತೀರಾ ಟೀಚರಮ್ಮ. ಆದ್ರೆ ಸತ್ತ ಮಗೂನ ಎಬ್ಬಿಸಿದ ಮೇಲೆ ಅದಕ್ಕೆ ಊಟ ಕೊಡಿ ಅಂತ ಸ್ವಾಮಿ ಹೇಳಿದ್ದು ಲೂಕನಲ್ಲಿ ಬರ್ದಿದೆ. ನಂಗೆ ಅದೇ ಇಷ್ಟ. ಎಬ್ಬಿಸೋದು ಒಂದು ಗಳಿಗೆ ಕೆಲಸ. ಆಮೇಲೆ ಗಂಜಿ ಕಾಯಿಸೋದು, ಬಟ್ಟೆ ಬದಲಾಯಿಸೋದು, ರಾತ್ರಿಯೆಲ್ಲ ಕೂರೋದು, ಅದನ್ನ ಯಾರು ಮಾಡಿದ್ರು? ಅವರು ಯಾರೂ ಸಿನಿಮಾದಲ್ಲಿಲ್ಲ ನೋಡಿ" ಎಂದರು. ನನ್ನೊಳಗೆ ಏನೋ ಚುಚ್ಚುತ್ತಿದ್ದದ್ದು ಇದೇ ಎಂದು ಆಗ ತಿಳಿಯಿತು.

ಆಮೇಲೆ ನಾನು ಲೂಕನ ಪುಸ್ತಕವನ್ನೇ ಓದಿದೆ. ಓದಿದಷ್ಟೂ ಆಶ್ಚರ್ಯ. ನಾಲ್ಕು ಸುವಾರ್ತೆಗಳಲ್ಲಿ ಹೆಂಗಸರಿಗೆ ಧಾರಾಳವಾಗಿ ಜಾಗ ಕೊಟ್ಟವನೆಂದು ಲೂಕನಿಗೆ ಹೆಸರು. ಒಬ್ಬನೇ ಮಗನ ಹೆಣದ ಹಿಂದೆ ನಡೆಯುತ್ತಿದ್ದ ನಾಯಿನ್ ಊರಿನ ವಿಧವೆ ಅವನಲ್ಲಿದ್ದಾಳೆ. ಅಡುಗೆಮನೆಯ ಕೆಲಸದಲ್ಲಿ ಸೋತು ಸಿಡುಕುವ ಮಾರ್ಥ, ಕೆಲಸ ಬಿಟ್ಟು ಮಾತು ಕೇಳುತ್ತ ಕೂತ ತಂಗಿ ಮರಿಯ ಇದ್ದಾರೆ. ಯಾವ ಮನೆಯಲ್ಲಿ ಈ ಅಕ್ಕತಂಗಿಯರ ಜಗಳ ನಡೆದಿಲ್ಲ ಹೇಳಿ! ಕಳೆದುಹೋದ ಒಂದು ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯೆಲ್ಲ ಗುಡಿಸಿ ಹುಡುಕುವ ಹೆಂಗಸು ಇದ್ದಾಳೆ. ನ್ಯಾಯ ಕೊಡದ ನ್ಯಾಯಾಧಿಪತಿಯ ಮನೆಗೆ ದಿನವೂ ಎಡತಾಕಿ ಅವನನ್ನು ದಣಿಸಿಬಿಡುವ ವಿಧವೆ ಇದ್ದಾಳೆ. ಲೂಕನ ಮಾತನ್ನು ಬಿಟ್ಟು ಬೇರೆ ಹೇಳುವುದಿಲ್ಲವೆಂದು ಪಣ ತೊಟ್ಟ ಚಿತ್ರದಲ್ಲಿ ಈ ನಾಲ್ಕು ಕಥೆಗಳಿಗೂ ಜಾಗ ಸಿಗಲಿಲ್ಲ.

ಇನ್ನೊಂದಿದೆ. ಯೇಸುವಿನ ತಂಡದ ಜೊತೆ ಮಗ್ದಲದ ಮರಿಯ, ಹೆರೋದ ರಾಜನ ಮನೆವಾರ್ತೆ ನೋಡುವವನ ಹೆಂಡತಿ ಯೊಹಾನ್ನ, ಸುಸನ್ನ ಮುಂತಾದ ಹೆಂಗಸರು ಊರೂರು ತಿರುಗುತ್ತಿದ್ದರು, ತಮ್ಮ ಸ್ವಂತ ಹಣದಿಂದ ಅವರ ಖರ್ಚು ನೋಡಿಕೊಳ್ಳುತ್ತಿದ್ದರು ಎಂದು ಲೂಕ ಸ್ಪಷ್ಟವಾಗಿ ಬರೆಯುತ್ತಾನೆ. ಎಂದರೆ, ಆ ಇಡೀ ಸಂಚಾರದ ಅನ್ನ ನೀರು ನಡೆದದ್ದು ಹೆಂಗಸರ ಕೈಯಿಂದ. ಚಿತ್ರದಲ್ಲಿ ಈ ಸಂಗತಿ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಅಲ್ಲಿ ನನಗೆ ಸರಸ್ವತಿಬಾಯಿ ಫಾಲ್ಕೆಯವರ ನೆನಪು ಬಂತು.

ಈ ಕೊರತೆ ಆ ಚಿತ್ರದವರಿಗೂ ಗೊತ್ತಾಗಿರಬೇಕು. 2007ರಲ್ಲಿ ಅದೇ ಸಂಸ್ಥೆ ಹೆಂಗಸರಿಗೆಂದೇ 'ಮಗ್ದಲೇನಾ' ಎಂಬ ಇನ್ನೊಂದು ಚಿತ್ರ ತಂದಿತು. ಹಳೆಯ ಚಿತ್ರದ ಭಾಗಗಳಿಗೆ ಹೊಸ ದೃಶ್ಯ ಸೇರಿಸಿ, ಮಗ್ದಲದ ಮರಿಯಳ ಬಾಯಿಂದ ಕಥೆ ಹೇಳಿಸಿದರು. ಒಳ್ಳೆಯದೇ ಆಯಿತು ಎಂದುಕೊಳ್ಳುವಷ್ಟರಲ್ಲಿ ಅದರ ಹೆಸರಿನ ಉಳಿದರ್ಧ ಕಣ್ಣಿಗೆ ಬಿತ್ತು: 'ರಿಲೀಸ್ಡ್ ಫ್ರಮ್ ಶೇಮ್', ನಾಚಿಕೆಯಿಂದ ಬಿಡುಗಡೆಯಾದವಳು ಎಂದು. ಯಾವ ನಾಚಿಕೆ? ಲೂಕ ಹೇಳುವುದು ಅವಳಿಂದ ಏಳು ದೆವ್ವಗಳು ಬಿಟ್ಟುಹೋದವು ಎಂದಷ್ಟೆ. ಎಂದರೆ ಅವಳು ಕಾಯಿಲೆಯವಳಾಗಿದ್ದಳು, ಗುಣವಾದಳು. ಅವಳನ್ನು ಪಾಪಿ ಹೆಂಗಸೆಂದು ಕರೆದದ್ದು ಸುವಾರ್ತೆಯಲ್ಲ. 591ರಲ್ಲಿ ರೋಮಿನ ಪೋಪ್ ಒಂದನೆಯ ಗ್ರೆಗೊರಿ ತಮ್ಮ ಪ್ರಸಂಗವೊಂದರಲ್ಲಿ ಬೇರೆ ಬೇರೆ ಮೂವರು ಹೆಂಗಸರನ್ನು ಒಬ್ಬಳೆಂದು ಸೇರಿಸಿಬಿಟ್ಟರು. ಹೆಸರಿಲ್ಲದ ಪಾಪಿ ಹೆಂಗಸಿನ ಭಾರ ಮಗ್ದಲದವಳ ತಲೆಗೆ ಬಂತು. ಚಿತ್ರಕಾರರು ಅವಳ ತಲೆಗೂದಲು ಬಿಚ್ಚಿ ಬರೆದರು, ಕವಿಗಳು ಕಣ್ಣೀರಿಡಿಸಿದರು. 1969ರಲ್ಲಿ ಕೆಥೊಲಿಕ್ ಚರ್ಚು ತನ್ನ ಪಂಚಾಂಗ ತಿದ್ದುವಾಗ ಈ ಕಲಸುಮೇಲೋಗರವನ್ನು ಕೈಬಿಟ್ಟಿತು. 2016ರಲ್ಲಿ ಅವಳ ದಿನವನ್ನು ಅಪೊಸ್ತಲರ ಹಬ್ಬಗಳ ಮಟ್ಟಕ್ಕೆ ಏರಿಸಿತು. ಸಮಾಧಿ ಬರಿದಾದ ಸುದ್ದಿಯನ್ನು ಮೊದಲು ತಂದವಳು ಅವಳೇ ಅಲ್ಲವೆ? ಸಾವಿರದ ಮುನ್ನೂರು ವರ್ಷಕ್ಕೂ ಮಿಕ್ಕಿ ಒಬ್ಬ ಹೆಣ್ಣಿನ ಮೇಲೆ ಕೂತ ಮಾತನ್ನು ಒರೆಸಲು ಹೊರಟಾಗಲೂ ನಾಚಿಕೆ ಎಂಬ ಪದವನ್ನು ಬಿಡಲಾಗಲಿಲ್ಲವಲ್ಲ! ನಮ್ಮ ಬೀದಿಗಳಲ್ಲೂ ಅಷ್ಟೆ, ಹೆಣ್ಣಿನ ಮೇಲೆ ಹೊರಿಸಿದ ಮಾತು ಸುಳ್ಳೆಂದು ಸಾಬೀತಾದ ಮೇಲೂ ಮಾತು ಮಾತ್ರ ಉಳಿದುಕೊಳ್ಳುತ್ತದೆ.

ಇದೇ ಕಥೆಯನ್ನು ಬೇರೆ ರೀತಿಯಲ್ಲಿ ಹೇಳಿದವರಿಲ್ಲವೆ ಎಂದರೆ ಇದ್ದಾರೆ. 1964ರಲ್ಲಿ ಇಟಲಿಯ ಪಸೋಲಿನಿ ಮತ್ತಾಯನ ಸುವಾರ್ತೆಯನ್ನು ಕಪ್ಪುಬಿಳುಪಿನಲ್ಲಿ ಚಿತ್ರ ಮಾಡಿದರು. ಅವರು ಕಮ್ಯುನಿಸ್ಟ್ ವಿಚಾರದವರು, ದೇವರನ್ನು ನಂಬುವವರಲ್ಲ. ದಕ್ಷಿಣ ಇಟಲಿಯ ಬಡ ಊರುಗಳ ಸಾಮಾನ್ಯ ಜನರನ್ನೇ ನಿಲ್ಲಿಸಿ ತೆಗೆದ ಚಿತ್ರ ಅದು. ಶಿಲುಬೆಯ ಕೆಳಗೆ ಅಳುವ ಮುದಿ ತಾಯಿಯಾಗಿ ನಿಂತವರು ಪಸೋಲಿನಿಯವರ ಸ್ವಂತ ತಾಯಿ ಸುಸನ್ನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಿರಿಯ ಮಗನನ್ನು ಕಳೆದುಕೊಂಡಿದ್ದ ತಾಯಿ ಆಕೆ. ಅಳುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಕನ್ನಡದಲ್ಲೇ ನೋಡಿ, ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಕ್ರಿಸ್ತನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಬರೆದರು. ಅವರಿಗೆ ಯಾರನ್ನೂ ಒಲಿಸಿಕೊಳ್ಳುವ ಅವಸರ ಇರಲಿಲ್ಲ. ಒಬ್ಬನ ನೋವನ್ನು ಕಣ್ಣಿಟ್ಟು ನೋಡುವ ಹಂಬಲ ಇತ್ತು.

ಹಾಗಾದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಯೇಸುವಿನ ಹೆಸರು ಊರಿದ್ದು ಯಾವುದರಿಂದ? ಸಿನಿಮಾದಿಂದ ಅಲ್ಲ ಎಂದು ನನ್ನ ನಂಬಿಕೆ. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ ತೆರೆದರು. 1947ರಲ್ಲಿ ದಕ್ಷಿಣ ಭಾರತ ಸಭೆ ಕೂಡಿಕೊಂಡ ಮೇಲೆ ಅದು ಸಿ.ಎಸ್.ಐ. ಆಸ್ಪತ್ರೆ ಎನ್ನಿಸಿತು; ನಮ್ಮ ಅಮ್ಮನ ಕಾಲದವರಿಗೆ ಮಾತ್ರ ಕೊನೆತನಕ ಮಿಷನ್ ಆಸ್ಪತ್ರೆಯೇ. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯ ಆ ಅಕ್ಷರಗಳಲ್ಲಿ ಅಡಗಿರುವುದು ಎಲ್ಲೆನ್ ಥೋಬರ್ನ್ ಕೋವೆನ್ ಎಂಬ ಹೆಣ್ಣುಮಗಳ ಹೆಸರು. ಇನ್ನೂ ಆಚೆ ವೆಲ್ಲೂರಿನಲ್ಲಿ ಐಡಾ ಸ್ಕಡರ್ 1918ರಲ್ಲಿ ಹೆಂಗಸರಿಗಾಗಿ ವೈದ್ಯಶಾಲೆ ತೆರೆದರು. ಗಂಡಸು ಡಾಕ್ಟರ ಕೈಗೆ ಒಪ್ಪಿಸಲು ಮನೆಯವರು ಒಪ್ಪದೆ, ಒಂದೇ ರಾತ್ರಿ ಹೆರಿಗೆಯಲ್ಲಿ ಮೂವರು ಹೆಂಗಸರು ಸತ್ತದ್ದನ್ನು ಕಂಡು ಡಾಕ್ಟರಾಗಲು ಹೊರಟವರು ಅವರು. ಹೆರಿಗೆ ನೋವು ತಿಂದು ಎತ್ತಿನಗಾಡಿಯಲ್ಲಿ ಬಂದ ಹೆಣ್ಣುಮಕ್ಕಳಿಗೆ ಆ ಆಸ್ಪತ್ರೆಗಳಲ್ಲಿ ಸಿಕ್ಕಿದ್ದು ಪವಾಡವಲ್ಲ. ಕುದಿಸಿದ ನೀರು, ಒಗೆದ ಬಟ್ಟೆ, ಕೈ ಹಿಡಿದು ಕೂತ ಒಬ್ಬ ಹೆಂಗಸು. ನನ್ನ ಅಮ್ಮ ನನ್ನ ತಮ್ಮನನ್ನು ಹೆತ್ತು ಮೂರು ದಿನ ಜ್ವರದಲ್ಲಿ ಮಲಗಿದ್ದಾಗ ಬಳಿಯಲ್ಲಿದ್ದ ನರ್ಸನ್ನು ಸಾಯುವವರೆಗೂ 'ನನ್ನ ಎರಡನೇ ತಾಯಿ' ಎನ್ನುತ್ತಿದ್ದಳು. ಅಮ್ಮ ಮತ ಬದಲಿಸಲಿಲ್ಲ. ನರ್ಸಮ್ಮ ಕೇಳಲೂ ಇಲ್ಲ.

ಲೂಕನ ಪುಸ್ತಕದಲ್ಲಿ ಇನ್ನೊಂದು ಪುಟ್ಟ ಕಥೆಯಿದೆ. ಚಿತ್ರದಲ್ಲೂ ಅದು ಇದೆ. ಯೆರೂಸಲೇಮಿನ ದೇವಾಲಯದಲ್ಲಿ ಹಣವಂತರು ಕಾಣಿಕೆ ಹಾಕುತ್ತಿದ್ದಾರೆ. ಒಬ್ಬ ಬಡ ವಿಧವೆ ಬಂದು ಎರಡೇ ಎರಡು ಕಾಸು ಹಾಕುತ್ತಾಳೆ. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ, ಏಕೆಂದರೆ ಅವಳು ಕೊಟ್ಟದ್ದು ಮಿಕ್ಕಿದ್ದರಲ್ಲಿ ಅಲ್ಲ, ಇದ್ದದ್ದನ್ನೆಲ್ಲ ಎಂದು ಯೇಸು ಲೆಕ್ಕ ಹೇಳುತ್ತಾನೆ. ಇಂಥ ಲೆಕ್ಕವನ್ನು ಹೇಳುವ ಚಿತ್ರವನ್ನು ಇಷ್ಟು ಭಾಷೆ, ಇಷ್ಟು ದೇಶ, ಇಷ್ಟು ಕೋಟಿ ಎಂಬ ಲೆಕ್ಕದಿಂದ ಹೊಗಳುತ್ತಾರೆ ಎನ್ನುವುದೇ ನನಗೆ ಎಲ್ಲಕ್ಕಿಂತ ದೊಡ್ಡ ನಿರಾಸೆ. ಮಿಷನ್ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ನರ್ಸಮ್ಮನವರು ಎಷ್ಟು ಮಂದಿಗೆ ಗಂಜಿ ಕುಡಿಸಿದರು ಎಂದು ಯಾರೂ ಬರೆದಿಟ್ಟಿಲ್ಲ. ಅವರನ್ನು ಕೇಳಿದರೆ, "ಅದನ್ನೆಲ್ಲ ಯಾರು ಎಣಿಸ್ತಾರೆ ಬಿಡಿ ಟೀಚರಮ್ಮ" ಎನ್ನುತ್ತಾರೆ.